ಸುತ್ತೋಲೆಯನ್ನು ಓದುವವರು ಯಾರು?

ಗಡಿಯಾಚೆಯ ಕನ್ನಡ ಶಾಲೆಯಲ್ಲಿ ನಾಯಕತ್ವವೆಂಬುದು ಬಹುಮಟ್ಟಿಗೆ ಓದಿನ ಕೆಲಸ. ಅಕ್ಕಲಕೋಟ, ಜತ್ತ ಭಾಗದ ಶಾಲೆಗಳನ್ನೇ ನೋಡೋಣ. ಬಾಲಭಾರತಿಯ ಪಠ್ಯಪುಸ್ತಕಗಳು ಕನ್ನಡದಲ್ಲಿ ದೊರೆಯುತ್ತವೆ; ಶಿಕ್ಷಕರ ಹುದ್ದೆಗಳನ್ನು ನಿಗದಿಪಡಿಸುವ ‘ಸಂಚ ಮಾನ್ಯತೆ’ಯ ಆದೇಶ ಮಾತ್ರ ಮರಾಠಿಯಲ್ಲಿರುತ್ತದೆ. ಅದಕ್ಕೆ ಆಧಾರ ಸೆಪ್ಟೆಂಬರ್ 30ರ ಪಟಸಂಖ್ಯೆ. ಮಕ್ಕಳು ಕಡಿಮೆಯಿರುವ ಶಾಲೆಯಲ್ಲಿ ಆ ದಿನದ ದಾಖಲೆಯಿಂದ ನಾಲ್ಕು ಹೆಸರು ಬಿಟ್ಟುಹೋದರೂ ಒಂದು ಹುದ್ದೆ ಕೈತಪ್ಪಬಹುದು.

ನಾನು ಭೇಟಿ ನೀಡಿದ ಶಾಲೆಯೊಂದರಲ್ಲಿ ಮರಾಠಿ ಪತ್ರಗಳನ್ನು ಹಿರಿಯ ಶಿಕ್ಷಕರೊಬ್ಬರೇ ನೋಡಿಕೊಳ್ಳುತ್ತಿದ್ದರು. ಅವರು ನಿವೃತ್ತರಾದ ವರ್ಷ ಪತ್ರಗಳು ಕಪಾಟಿನಲ್ಲೇ ಉಳಿದವು. ತಿದ್ದುಪಡಿಯ ಅವಧಿ ಮುಗಿದ ಮೇಲೆ ವಿಷಯ ತಿಳಿಯಿತು. ಒಂದು ಹುದ್ದೆ ಹೋಗಿ, ಎರಡು ತರಗತಿಗಳನ್ನು ಒಂದೇ ಕೊಠಡಿಯಲ್ಲಿ ಕೂರಿಸಬೇಕಾಯಿತು. ಹಿರಿಯರ ನಿಷ್ಠೆಯಲ್ಲಿ ಕೊರತೆಯಿರಲಿಲ್ಲ. ತಿಳಿದುದನ್ನು ಇನ್ನೊಬ್ಬರಿಗೆ ಕಲಿಸಿರಲಿಲ್ಲ, ಅಷ್ಟೆ.

ಆದುದರಿಂದ ಮುಖ್ಯಾಧ್ಯಾಪಕರು ಸುತ್ತೋಲೆ ಬಂದ ದಿನವೇ ಅದರ ಸಾರವನ್ನು ಐದಾರು ಕನ್ನಡ ವಾಕ್ಯಗಳಲ್ಲಿ, ಕೊನೆಯ ದಿನಾಂಕದೊಡನೆ ಬರೆಯಿಸಿ ಸಿಬ್ಬಂದಿ ಕೊಠಡಿಯ ಫಲಕಕ್ಕೆ ಹಾಕಬೇಕು. ಬರೆಯುವ ಹೊಣೆ ತಿಂಗಳಿಗೊಬ್ಬರಿಗಿರಲಿ, ಹೊಸಬರಿಗೂ ಬರಲಿ. ತಪ್ಪಾದರೆ ಹಿರಿಯರು ಪಕ್ಕದಲ್ಲಿ ಕುಳಿತು ತಿದ್ದಲಿ. ಹೊಸ ಶಿಕ್ಷಕರನ್ನು ಬೆಳೆಸಲು ಇದಕ್ಕಿಂತ ಒಳ್ಳೆಯ ತರಬೇತಿಯನ್ನು, ತರಬೇತಿಯೇ ವೃತ್ತಿಯಾದ ನಾನೂ, ಕಂಡಿಲ್ಲ.

ರಾಜ್ಯಭಾಷೆಯನ್ನು ಪಳಗಿಸಿಕೊಂಡರೆ ಕನ್ನಡಕ್ಕೆ ಕುಂದೆಂಬ ಅಳುಕು ಕೆಲವರಲ್ಲಿದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆ ಸೌಲಭ್ಯವನ್ನು ಕೇಳುವ ಮನವಿಯನ್ನು ಅಧಿಕಾರಿ ಓದಬಲ್ಲ ಭಾಷೆಯಲ್ಲಿಯೇ ಬರೆಯಿರಿ. ಅದರ ಕನ್ನಡ ಪ್ರತಿಯೊಂದು ಶಾಲೆಯ ಕಡತದಲ್ಲಿರಲಿ. ನಿಮ್ಮ ನಂತರ ಬರುವವರು ಅದನ್ನೇ ಮೊದಲು ಹುಡುಕುತ್ತಾರೆ.