ಗಣಿತದ ತಂತ್ರಾಂಶ: ಕೈಹಿಡಿದು ನಡೆಸುವವರಿದ್ದಾರೆ

ಮರಳವಾಡಿ ಕಡೆಯ ರೇಷ್ಮೆ ಬೆಳೆಗಾರರಿಗೆ ಚಾಕಿ ಹುಳುವಿನ ವಿಷಯ ಹೇಳಿಕೊಡಬೇಕಿಲ್ಲ. ಎರಡನೇ ಜ್ವರ ಏಳುವತನಕ ಅದಕ್ಕೆ ಎಳೆ ಸೊಪ್ಪು, ಹದವಾದ ಬಿಸುಪು ಬೇಕು. ಗಣಿತದ ಮುಕ್ತ ತಂತ್ರಾಂಶಕ್ಕೆ ಹೊಸದಾಗಿ ಕೈಹಾಕುವ ವಿದ್ಯಾರ್ಥಿಯ ಪಾಡೂ ಹೆಚ್ಚುಕಡಿಮೆ ಹೀಗೆಯೇ.

'ಮುಕ್ತ' ಎಂದರೆ ಬಿಟ್ಟಿ ಎಂದಷ್ಟೇ ಅಲ್ಲ. ಒಳಗಿನ ಲೆಕ್ಕದ ಕ್ರಮವನ್ನೆಲ್ಲ ತೆರೆದು ನೋಡಬಹುದು, ತಿದ್ದಬಹುದು. ಸಿಂಪೈ, ಸೇಜ್ ಇಂಥವು. ಗೂಗಲ್ ಕಂಪನಿ 2005ರಲ್ಲಿ ಆರಂಭಿಸಿದ 'ಸಮ್ಮರ್ ಆಫ್ ಕೋಡ್' ಯೋಜನೆಯಲ್ಲಿ ಇಂಥ ತಂಡಗಳು ಆಗಬೇಕಾದ ಕೆಲಸಗಳ ಪಟ್ಟಿ ಕೊಡುತ್ತವೆ. 18 ತುಂಬಿದವರು ಅರ್ಜಿ ಹಾಕಬಹುದು. ಆಯ್ಕೆಯಾದವರಿಗೆ ಮಾರ್ಗದರ್ಶಿ, ಜೊತೆಗೆ ಸಂಭಾವನೆ. ನಡುವೆ ಒಮ್ಮೆ, ಕೊನೆಗೊಮ್ಮೆ ಮೌಲ್ಯಮಾಪನ. ಫೇಲಾದರೆ ಆ ಕಂತಿನ ಹಣವಿಲ್ಲ.

ಅಮೆರಿಕದ ಆರನ್ ಮ್ಯೂರರ್ 2009ರಲ್ಲಿ ಹೀಗೆ ಸಿಂಪೈ ಸೇರಿದ ವಿದ್ಯಾರ್ಥಿ. ಅವಕಲ ಸಮೀಕರಣಗಳನ್ನು ಬಿಡಿಸುವ ಭಾಗದಲ್ಲಿ ದುಡಿದರು. 2011ಕ್ಕೆ ಆ ತಂಡದ ಮುಂದಾಳುವೇ ಆದರು!

ಅಷ್ಟು ದೂರ ಕೈಚಾಚಲು ಅಂಜಿಕೆಯೇ? ಮುಂಬೈ ಐಐಟಿಯ 'ಫಾಸ್ಸಿ' ಯೋಜನೆಯಿದೆ. ಪಠ್ಯಪುಸ್ತಕದ ಬಿಡಿಸಿದ ಲೆಕ್ಕಗಳನ್ನು ಸೈಲ್ಯಾಬ್ ತಂತ್ರಾಂಶದಲ್ಲಿ ಬರೆದುಕೊಟ್ಟ ವಿದ್ಯಾರ್ಥಿಗಳಿಗೆ ಅದು ಗೌರವಧನ, ಪ್ರಮಾಣಪತ್ರ ನೀಡುತ್ತ ಬಂದಿದೆ. ಲೆಕ್ಕವೂ ಗಟ್ಟಿ, ಕೈಖರ್ಚಿಗೂ ಆಯಿತು. ಅಲ್ಲಿನ 'ಸ್ಪೋಕನ್ ಟ್ಯುಟೋರಿಯಲ್' ಪಾಠಗಳಲ್ಲಿ ಹಲವು ಕನ್ನಡದಲ್ಲೂ ಇವೆ.

ಮಗಳು ರಾತ್ರಿಯೆಲ್ಲ ಕಂಪ್ಯೂಟರ್ ಮುಂದೆ ಕೂತರೆ ಹೆತ್ತವರು ರೇಗುವುದು ಸಹಜ. ಸೆಮಿಸ್ಟರ್ ಪರೀಕ್ಷೆ ಈ ಕೆಲಸದ ಕಾಲಕ್ಕೇ ಬೀಳುವುದುಂಟು. ಅದನ್ನು ಅರ್ಜಿಯಲ್ಲೇ ಬರೆದು, ಮಾರ್ಗದರ್ಶಿಗೆ ತಿಳಿಸುವುದು ಮೇಲು. ಇನ್ನೊಂದು ಮಾತು: ಸಿಂಪೈ ತಂಡ ಅರ್ಜಿಗೆ ಮುಂಚೆ ಸಣ್ಣದೊಂದು ತಿದ್ದುಪಡಿಯನ್ನಾದರೂ ಮಾಡಿ ತೋರಿಸಲು ಕೇಳುತ್ತದೆ. ಅರ್ಜಿಯ ಕಾಲ ಸಾಮಾನ್ಯವಾಗಿ ಮಾರ್ಚ್ ಹೊತ್ತಿಗೆ. ಅಭ್ಯಾಸ ದೀಪಾವಳಿಗೇ ಶುರುವಾಗಲಿ.