ಯಾವ ಪಕ್ಷದ ರ‍್ಯಾಲಿ?

ಚೆನ್ನೈಗೆ ಬಂದು ಹನ್ನೊಂದು ವರ್ಷವಾಯಿತು. ಶ್ರೀಪೆರಂಬುದೂರು ಕಡೆ ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ನನ್ನ ಕೆಲಸ. ಮೊದಲ ಸಲ ‘ರ‍್ಯಾಲಿಗೆ ಹೋಗಬೇಕು, ಮೂರು ದಿನ ರಜೆ ಬೇಕು’ ಎಂದಾಗ ನಮ್ಮ ಮ್ಯಾನೇಜರ್ ಗಾಬರಿಯಿಂದ ‘ಯಾವ ಪಕ್ಷದ್ದು?’ ಎಂದು ಕೇಳಿದ್ದರು. ಕಾರಿನ ರ‍್ಯಾಲಿ ಸರ್, ಚಿಕ್ಕಮಗಳೂರು ಕಡೆಯ ಕಾಫಿ ತೋಟದಲ್ಲಿ, ನಾನಲ್ಲಿ ಮಾರ್ಷಲ್ ಅಂದೆ. ‘ಓ, ರೇಸಾ!’ ಎಂದು ನಗುತ್ತಾ ಸಹಿ ಹಾಕಿದರು.

ರೇಸ್ ಅಲ್ಲ ಎಂದು ಅವರಿಗೆ ಬಿಡಿಸಿ ಹೇಳಲು ಒಂದು ಇಡೀ ಊಟದ ಹೊತ್ತು ಬೇಕಾಯಿತು. ರೇಸ್‌ನಲ್ಲಿ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ, ಮುಂದಿರುವವನು ಕಣ್ಣಿಗೆ ಕಾಣುತ್ತಾನೆ. ರ‍್ಯಾಲಿಯಲ್ಲಿ ಕಾರುಗಳು ಎರಡು ಮೂರು ನಿಮಿಷಕ್ಕೊಂದರಂತೆ ಹೊರಡುತ್ತವೆ. ಎದುರಾಳಿ ಗಡಿಯಾರ ಮಾತ್ರ. ಮುಚ್ಚಿದ ರಸ್ತೆಯ ತುಣುಕುಗಳಿಗೆ ‘ಸ್ಪೆಷಲ್ ಸ್ಟೇಜ್’ ಎನ್ನುತ್ತಾರೆ. ಅಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗದವರೆಗೆ ಲೆಕ್ಕ. ಎಲ್ಲ ಸ್ಟೇಜ್‌ಗಳ ಒಟ್ಟು ಸಮಯ ಕಡಿಮೆ ಇದ್ದವನೇ ಗೆದ್ದವನು.

ಒಂದು ಸ್ಟೇಜ್‌ನಿಂದ ಇನ್ನೊಂದಕ್ಕೆ ಹೋಗುವುದು ನಾವು ನೀವು ಓಡಾಡುವ ರಸ್ತೆಯಲ್ಲೇ. ಹಾಗಾಗಿ ವಿಶ್ವ ಚಾಂಪಿಯನ್‌ನ ಕಾರಿಗೂ ನಂಬರ್ ಪ್ಲೇಟ್ ಇರುತ್ತದೆ, ಅವನೂ ಸಿಗ್ನಲ್‌ಗೆ ನಿಲ್ಲಬೇಕು. ನಿಗದಿತ ಹೊತ್ತಿಗಿಂತ ಒಂದು ನಿಮಿಷ ತಡವಾಗಿ ಹಾಜರಾದರೆ 10 ಸೆಕೆಂಡು ದಂಡ. ಒಂದು ನಿಮಿಷ ಬೇಗ ಬಂದರೆ? ಇಡೀ ಒಂದು ನಿಮಿಷ ದಂಡ. ತಡವಾಗಿ ಬಂದವನಿಗಿಂತ ಬೇಗ ಬಂದವನಿಗೆ ಹೆಚ್ಚು ಶಿಕ್ಷೆ ಕೊಡುವ ವ್ಯವಸ್ಥೆ ನಮ್ಮ ಆಫೀಸಿನಲ್ಲೂ ಇರಬೇಕಿತ್ತು ಎಂದು ಮ್ಯಾನೇಜರ್‌ಗೆ ಹೇಳಲಿಲ್ಲ.

ಕಾರು ಕೆಟ್ಟರೆ ಸರ್ವೀಸ್ ಪಾರ್ಕ್ ತಲುಪುವ ತನಕ ಮೆಕ್ಯಾನಿಕ್ ಮುಟ್ಟುವಂತಿಲ್ಲ. ಕಾರಿನಲ್ಲಿರುವ ಇಬ್ಬರೇ, ಕಾರಿನಲ್ಲಿರುವ ಸಾಮಾನಿನಿಂದಲೇ ರಿಪೇರಿ ಮಾಡಿಕೊಳ್ಳಬೇಕು. ಸರ್ವೀಸ್‌ಗೂ ಗಡಿಯಾರವಿದೆ, ವಿಶ್ವ ರ‍್ಯಾಲಿಯಲ್ಲಿ ಸಂಜೆ ಸಿಗುವುದು ಮುಕ್ಕಾಲು ಗಂಟೆ.

ಆದರೆ ನನ್ನನ್ನು ಈ ಆಟಕ್ಕೆ ಎಳೆದದ್ದು ಡ್ರೈವರ್ ಅಲ್ಲ, ಪಕ್ಕದ ಸೀಟಿನವನು. ಸ್ಪರ್ಧೆಗೆ ಮುಂಚೆ ‘ರೆಕ್ಕಿ’ ಇರುತ್ತದೆ. ವಿಶ್ವ ರ‍್ಯಾಲಿಯಲ್ಲಿ ಪ್ರತಿ ಸ್ಟೇಜ್‌ನ ಮೇಲೆ ಎರಡೇ ಸಲ, ಮಿತ ವೇಗದಲ್ಲಿ, ಸಾಧಾರಣ ಕಾರಿನಲ್ಲಿ ಹೋಗಲು ಬಿಡುತ್ತಾರೆ. ಡ್ರೈವರ್ ಹೇಳುತ್ತಾ ಹೋಗುತ್ತಾನೆ, ಕೋ-ಡ್ರೈವರ್ ಬರೆದುಕೊಳ್ಳುತ್ತಾನೆ: ಎಂಬತ್ತು ಮೀಟರ್, ಎಡ ನಾಲ್ಕು, ಒಳಗೆ ಕಲ್ಲು, ನಂತರ ಏರು, ಏರಿನ ಆಚೆ ಬಲ ಎರಡು. ಹೆಚ್ಚಿನವರ ಲೆಕ್ಕದಲ್ಲಿ ಅಂಕಿ ಚಿಕ್ಕದಾದಷ್ಟೂ ತಿರುವು ಬಿಗಿ, ಕೆಲವರದು ತದ್ವಿರುದ್ಧ. ಸ್ಪರ್ಧೆಯ ದಿನ ಕೋ-ಡ್ರೈವರ್ ಇದನ್ನು ಓದುತ್ತಾನೆ, ಅದೂ ತಿರುವು ಬರುವ ಮುಂಚೆ. ಏರಿನ ಆಚೆ ಏನಿದೆ ಎಂದು ಡ್ರೈವರ್‌ಗೆ ಕಾಣುವುದಿಲ್ಲ. ಕಿವಿಯಲ್ಲಿ ಬಿದ್ದದ್ದನ್ನು ನಂಬಿ ಆಕ್ಸಿಲರೇಟರ್ ಒತ್ತುತ್ತಾನೆ. ಅದಕ್ಕೇ ವಿಶ್ವ ರ‍್ಯಾಲಿಯಲ್ಲಿ ಕೋ-ಡ್ರೈವರ್‌ಗೂ ಪ್ರತ್ಯೇಕ ಚಾಂಪಿಯನ್ ಪಟ್ಟವಿದೆ. ಸೆಬಾಸ್ಟಿಯನ್ ಲೋಬ್ 2004ರಿಂದ 2012ರವರೆಗೆ ಸತತ 9 ಸಲ ಗೆದ್ದಾಗ ಪ್ರತಿ ಸಲವೂ ಪಕ್ಕದಲ್ಲಿದ್ದವರು ಡೇನಿಯಲ್ ಎಲೆನಾ. ಅವರದೂ 9 ಪಟ್ಟ. ಹೆಸರು ಎಷ್ಟು ಜನಕ್ಕೆ ಗೊತ್ತು?

ನಮ್ಮ ಊರ ಕಡೆಗೆ ಇದು ದೂರದ ಮಾತೇನಲ್ಲ. 2016ರಲ್ಲಿ ಏಷ್ಯಾ-ಪೆಸಿಫಿಕ್ ಚಾಂಪಿಯನ್‌ಷಿಪ್‌ನ ಒಂದು ಸುತ್ತು ಚಿಕ್ಕಮಗಳೂರಿನಲ್ಲೇ ನಡೆಯಿತು. ಆ ವರ್ಷದ ಚಾಂಪಿಯನ್ ದೆಹಲಿಯ ಗೌರವ್ ಗಿಲ್. ಮೂರು ವರ್ಷದ ಬಳಿಕ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ಮೋಟಾರ್ ಕ್ರೀಡೆಗೆ ಅದೇ ಮೊದಲು.

ನಾನು ಹೇಳಹೊರಟಿದ್ದು ಬೇರೆ ವರ್ಷದ, ಸಣ್ಣದೊಂದು ರ‍್ಯಾಲಿಯ ಕಥೆ. ಸ್ಟೇಜ್‌ನ ನಡುವೆ, ಸಿಲ್ವರ್ ಮರಗಳ ಕೆಳಗೆ ನನ್ನ ರೇಡಿಯೊ ಪೋಸ್ಟ್. ಕೈಯಲ್ಲಿ ವಾಕಿಟಾಕಿ, ತೊಡೆಯ ಮೇಲೆ ಕಾರುಗಳ ನಂಬರಿನ ಹಾಳೆ. ಲೈನ್ ಮನೆಯ ಹುಡುಗರು ಧರೆಯ ಮೇಲೆ ಕೂತಿದ್ದರು. ಎರಡೆರಡು ನಿಮಿಷಕ್ಕೆ ಒಂದೊಂದು ಕಾರು ಕೆಂಪು ಧೂಳೆಬ್ಬಿಸಿ ಹೋಗುತ್ತಿತ್ತು, ನಾನು ನಂಬರಿಗೆ ಗೀಟು ಹಾಕುತ್ತಿದ್ದೆ. ಹದಿಮೂರು ಹೋಯಿತು. ಹದಿನಾಲ್ಕು ಬರಲಿಲ್ಲ.

ಒಂದು ಕಾರು ಬಾರದಿದ್ದರೆ ಅಷ್ಟು ಭಯವಿಲ್ಲ. ಪಂಕ್ಚರ್ ಆಗಿರಬಹುದು, ಚರಂಡಿಗೆ ಇಳಿದಿರಬಹುದು. ಕೆಟ್ಟು ನಿಂತವರು ಹಸಿರು ‘ಓಕೆ’ ಬೋರ್ಡ್ ತೋರಿಸಿದರೆ ಹಿಂದಿನವರು ನಿಲ್ಲದೆ ಮುಂದೆ ಹೋಗುತ್ತಾರೆ. ಕೆಂಪು ‘ಎಸ್‌ಒಎಸ್’ ತೋರಿಸಿದರೆ ಮಾತ್ರ ನಿಲ್ಲಲೇಬೇಕು. ಏನೂ ತೋರಿಸದೆ ಕಾರು ನುಜ್ಜಾಗಿ ಬಿದ್ದಿದ್ದರೂ ನಿಲ್ಲಲೇಬೇಕು. ನಾನು ವಾಚು ನೋಡುತ್ತಿದ್ದೆ. ಹದಿನೈದೂ ಬರಲಿಲ್ಲ.

ಎರಡು ಬಾರದಿದ್ದರೆ ಅರ್ಥ ಒಂದೇ. ವಾಕಿಟಾಕಿಯಲ್ಲಿ ನಂಬರು ಹೇಳುವಾಗ ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಸ್ಟೇಜ್ ನಿಲ್ಲಿಸಿದರು. ಶುರುವಿನ ಜಾಗದಿಂದ ಆಂಬುಲೆನ್ಸ್ ಹೊರಟ ಸದ್ದು ಕಣಿವೆಯ ಆಚೆಯಿಂದ ಕೇಳಿತು. ಧರೆಯ ಮೇಲಿದ್ದ ಹುಡುಗರೂ ಸುಮ್ಮನಾದರು. ಹನ್ನೆರಡು ನಿಮಿಷದ ಮೇಲೆ ರೇಡಿಯೊ ಹೇಳಿತು: ಇಬ್ಬರಿಗೂ ಪ್ರಜ್ಞೆ ಇದೆ. ಡ್ರೈವರ್‌ನ ಹೆಗಲ ಮೂಳೆ ಮುರಿದಿತ್ತು. ಹದಿನೈದನೆಯ ಕಾರಿನವರು ತಮ್ಮ ಸ್ಪರ್ಧೆ ಬಿಟ್ಟು ಇವನನ್ನು ಹೊರಗೆ ತಂದು, ತಲೆ ಅಲುಗದಂತೆ ಹಿಡಿದು ಕೂತಿದ್ದರು. ಹೀಗೆ ನಿಂತವರಿಗೆ ಆ ಸ್ಟೇಜ್‌ಗೆ ನ್ಯಾಯವಾದ ಸಮಯ ಹಾಕಿಕೊಡುತ್ತಾರೆ. ಅದು ನಿಯಮ. ಆದರೆ ನಿಂತ ಕ್ಷಣದಲ್ಲಿ ಅವರು ಅದನ್ನು ಲೆಕ್ಕ ಹಾಕಿರಲಿಲ್ಲ ಎಂದೇ ನನ್ನ ನಂಬಿಕೆ.

ಸಂಜೆ ಸರ್ವೀಸ್ ಪಾರ್ಕ್‌ನ ಚಹಾ ಟೇಬಲ್ ಹತ್ತಿರ ಆ ಕೋ-ಡ್ರೈವರ್ ಸಿಕ್ಕ. ಇಪ್ಪತ್ತೈದು ದಾಟಿರದ ಹುಡುಗ, ಗಲ್ಲದ ಮೇಲೆ ಬ್ಯಾಂಡೇಜು. ಮುಂದೆ ನೋಟ್ಸ್ ಪುಸ್ತಕ ತೆರೆದಿತ್ತು.

‘ಆಸ್ಪತ್ರೆಗೆ ಹೋಗಲಿಲ್ವೇನಪ್ಪಾ?’ ಅಂದೆ.

‘ಹೋಗಿ ಬಂದೆ ಅಣ್ಣಾ, ನನಗೇನಿಲ್ಲ. ಅವರನ್ನ ಇಟ್ಕೊಂಡ್ರು.’ ಬೆರಳು ಒಂದು ಸಾಲಿನ ಮೇಲೆ ಇತ್ತು. ‘ನೋಡಿ, ರೆಕ್ಕಿಲಿ ಇಲ್ಲಿ ಬಲ ಐದು ಅಂತ ಬರೆಸಿದ್ರು. ಎರಡನೇ ಸಲ ಹೋದಾಗ ನಾಲ್ಕೇನೋ ಅನ್ಸಿತ್ತು ನನಗೆ. ಕೇಳಲಿಲ್ಲ.’

ನಾನು ಏನು ಹೇಳಲಿ? ಚಹಾ ತಂದು ಮುಂದಿಟ್ಟೆ. ಅವನು ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಐದನ್ನು ಅಳಿಸಿದ, ನಾಲ್ಕು ಎಂದು ಬರೆದ, ಮುಂದಿನ ಪುಟ ತಿರುಗಿಸಿದ.