ಹನ್ನೆರಡು ಮಂದಿಯ ಉಪವಾಸ

ಲಂಡನ್ನಿನ ಓಲ್ಡ್ ಬೈಲಿ ನ್ಯಾಯಾಲಯದ ಗೋಡೆಯೊಂದರಲ್ಲಿ, ಅರಸರನ್ನೂ ಸೇನಾನಿಗಳನ್ನೂ ಬಿಟ್ಟು, ತಾಮಸ್ ವೀರ್, ಎಡ್ವರ್ಡ್ ಬುಶೆಲ್ ಮತ್ತು ಅವರ ಹತ್ತು ಮಂದಿ ಸಂಗಡಿಗರನ್ನು ಸ್ಮರಿಸುವ ಶಿಲಾಫಲಕವೊಂದಿದೆ. ಇವರು ಜ್ಯೂರಿಯಾಗಿ ಕರೆಬಂದುದರಿಂದ ಬಂದು ಕುಳಿತ ಸಾಮಾನ್ಯ ಪುರಜನರು.

ಜ್ಯೂರಿಯ ಮೂಲ ಇನ್ನೂ ಹಳೆಯದು. 1166ರಲ್ಲಿ ಎರಡನೆಯ ಹೆನ್ರಿ ದೊರೆಯು, ಪ್ರತಿಯೊಂದು ಸೀಮೆಯ ಹನ್ನೆರಡು ಮಂದಿ ತಮ್ಮಲ್ಲಿ ಕಳ್ಳರೂ ಕೊಲೆಗಡುಕರೂ ಯಾರೆಂಬುದನ್ನು ಪ್ರಮಾಣಪೂರ್ವಕವಾಗಿ ತಿಳಿಸತಕ್ಕದ್ದೆಂದು ವಿಧಿಸಿದನು. ಅವರು ಹೆಸರಿಸಿದವನು ದೋಷಿಯೋ ಅಲ್ಲವೋ ಎಂಬುದನ್ನು ಮಾತ್ರ, ನಮ್ಮ ಧರ್ಮಶಾಸ್ತ್ರಕಾರರು ‘ದಿವ್ಯ’ವೆಂದು ಕರೆದಂಥ, ದೈವವೇ ಸತ್ಯವನ್ನು ತೋರುವುದೆಂದು ನಂಬಿ ಒಡ್ಡುವ ಪರೀಕ್ಷೆಯೇ ನಿರ್ಣಯಿಸುತ್ತಿತ್ತು. 1215ರಲ್ಲಿ ರೋಮಿನ ಧರ್ಮಸಭೆಯು ಪಾದ್ರಿಗಳು ಇಂಥ ಪರೀಕ್ಷೆಗಳಲ್ಲಿ ಭಾಗಿಗಳಾಗಕೂಡದೆಂದು ನಿಷೇಧಿಸಲಾಗಿ, ದೈವದ ಆ ಭಾರವು ನೆರೆಹೊರೆಯವರ ಹೆಗಲಿಗೆ ಬಂದಿತು.

ಆದರೆ ನ್ಯಾಯಾಧೀಶನಿಗೆ ರುಚಿಸದ ಮಾತನ್ನು ಅವರು ಆಡಬಹುದೆ? ಈ ಪ್ರಶ್ನೆ ತೀರ್ಮಾನವಾದುದು 1670ರ ಸೆಪ್ಟೆಂಬರಿನ ವಿಚಾರಣೆಯ ತರುವಾಯ. ಗ್ರೇಸ್‌ಚರ್ಚ್ ಬೀದಿಯ ಪ್ರಾರ್ಥನಾಮಂದಿರಕ್ಕೆ ಸೈನಿಕರು ಕಾವಲು ಹಾಕಿ ಒಳಗೆ ಬಿಡದಿರಲು, ಕ್ವೇಕರ್ ಪಂಥದ ವಿಲಿಯಂ ಪೆನ್ ಬೀದಿಯಲ್ಲೇ ನಿಂತು ಉಪದೇಶಿಸಿದನು. ಅವನನ್ನೂ ವಿಲಿಯಂ ಮೀಡ್ ಎಂಬವನನ್ನೂ ಅಕ್ರಮಕೂಟದ ಆರೋಪದ ಮೇಲೆ ಹಿಡಿದು ತಂದರು. ಬರಿದಲೆಯಲ್ಲಿ ಬಂದ ಇಬ್ಬರಿಗೂ ನ್ಯಾಯಪೀಠದ ಅಪ್ಪಣೆಯಂತೆ ಟೋಪಿ ತೊಡಿಸಿ, ಅನಂತರ ಟೋಪಿ ತೆಗೆಯಲಿಲ್ಲವೆಂದು ತಲಾ 40 ಮಾರ್ಕು ದಂಡ ಹಾಕಿದರು! ನ್ಯಾಯಾಲಯದಲ್ಲಿ ಪ್ರಹಸನಕ್ಕೂ ಎಡೆಯುಂಟಷ್ಟೆ.

ಜ್ಯೂರಿಯ ಉತ್ತರ, ಪೆನ್ ಗ್ರೇಸ್‌ಚರ್ಚ್ ಬೀದಿಯಲ್ಲಿ ಮಾತನಾಡಿದ ಮಟ್ಟಿಗೆ ದೋಷಿ ಎಂಬಷ್ಟೇ ಆಗಿತ್ತು. ಅಕ್ರಮಕೂಟದ ಸೊಲ್ಲೇ ಅದರಲ್ಲಿರಲಿಲ್ಲ. ಕನಲಿದ ನ್ಯಾಯಪೀಠವು ಹನ್ನೆರಡು ಮಂದಿಯನ್ನೂ ಕೋಣೆಯಲ್ಲಿ ಕೂಡಿಹಾಕಿಸಿತು: ಅನ್ನವಿಲ್ಲ, ನೀರಿಲ್ಲ, ಬೆಂಕಿಯಿಲ್ಲ, ಹೊಗೆಸೊಪ್ಪಿಲ್ಲ, ದೇಹಬಾಧೆ ತೀರಿಸಲು ಒಂದು ಪಾತ್ರೆಯೂ ಇಲ್ಲ. ಎರಡು ರಾತ್ರಿ ಕಳೆದ ಮೇಲೆ ಹೊರಬಂದವರು ಹೇಳಿದುದು ‘ನಿರ್ದೋಷಿ’ ಎಂಬ ಒಂದೇ ಪದ. ಅದಕ್ಕಾಗಿ ಅವರಿಗೂ ತಲಾ 40 ಮಾರ್ಕು ದಂಡ; ತೆರುವವರೆಗೆ ನ್ಯೂಗೇಟ್ ಸೆರೆಮನೆ. ಬುಶೆಲ್ ಮತ್ತು ಮೂವರು ತೆರಲೊಪ್ಪದೆ ಮೇಲಣ ನ್ಯಾಯಾಲಯವನ್ನು ಮೊರೆಹೊಕ್ಕರು. ನ್ಯಾಯಾಧೀಶನು ಹೇಳಿಕೊಟ್ಟುದನ್ನೇ ಒಪ್ಪಿಸಬೇಕಾದರೆ ಜ್ಯೂರಿಯಿಂದ ಪ್ರಯೋಜನವೇನೆಂದು ವಾದಿಸಿ, ನಿರ್ಣಯಕ್ಕಾಗಿ ಅವರನ್ನು ದಂಡಿಸಲಾಗದೆಂದು ಮುಖ್ಯ ನ್ಯಾಯಾಧೀಶ ಜಾನ್ ವಾನ್ ತೀರ್ಪಿತ್ತನು. ಅಂದಿನವರೆಗೆ ಬಿಟ್ಟಿಚಾಕರಿಯಂತಿದ್ದ ಕರ್ತವ್ಯವು ಅಧಿಕಾರವೂ ಆದುದು ಹೀಗೆ.

ಆಂಗ್ಲರೊಡನೆ ಈ ಪದ್ಧತಿ ಭಾರತಕ್ಕೂ ಬಂದಿತು. 1959ರಲ್ಲಿ ಮುಂಬಯಿಯ ಜ್ಯೂರಿಯು ಕೊಲೆಯ ಆರೋಪ ಹೊತ್ತ ನೌಕಾಧಿಕಾರಿ ನಾನಾವತಿಯನ್ನು 8-1ರ ಬಹುಮತದಿಂದ ನಿರ್ದೋಷಿಯೆಂದಾಗ, ಸೆಷನ್ಸ್ ನ್ಯಾಯಾಧೀಶರು ಅದನ್ನೊಪ್ಪದೆ ಹೈಕೋರ್ಟಿಗೆ ಕಳುಹಿಸಿದರು, ಅಲ್ಲಿ ಶಿಕ್ಷೆಯಾಯಿತು. ಜ್ಯೂರಿಯನ್ನು ಮುಗಿಸಿದುದು ಆ ಮೊಕದ್ದಮೆಯೇ ಎಂದು ಜನ ಹೇಳುವುದುಂಟು. ನನಗೆ ಅದು ಸರಿಯೆನಿಸುವುದಿಲ್ಲ. ಕಾನೂನು ಆಯೋಗವು 1958ರಲ್ಲಿಯೇ ಜ್ಯೂರಿಯ ರದ್ದತಿಗೆ ಶಿಫಾರಸು ಮಾಡಿತ್ತು. 1973ರ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಸ್ಥಾನವಿಲ್ಲದಾಯಿತು. ಪಾರ್ಸಿಗಳ ವಿವಾಹ ವ್ಯಾಜ್ಯಗಳಲ್ಲಿ ಮಾತ್ರ, ನ್ಯಾಯಾಧೀಶರೊಡನೆ ಅದೇ ಸಮಾಜದ ಐವರು ಪ್ರತಿನಿಧಿಗಳು ಕೂಡುವ ಏರ್ಪಾಡನ್ನು ಪ್ರತ್ಯೇಕ ಕಾನೂನೊಂದು ಉಳಿಸಿಕೊಟ್ಟಿತು.